ನಡೆದ ಮಾತ್ರಕ್ಕೆ ಸರಿಯೆ?

“ಹೇಗೋ ನಡೆಯುತ್ತಿದೆಯಲ್ಲ, ಇನ್ನೇನು ಬೇಕು?” ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದೆ ಇರುತ್ತದೆ. ಮನೆಯವರಿಗೆಲ್ಲ ಅದು ಗೊತ್ತು. ನೋಡಿದೊಡನೆ ಮನಸ್ಸಿನಲ್ಲಿಯೇ ಹತ್ತು ನಿಮಿಷ ಕೂಡಿಸಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ಯಾರಿಗೂ ತೊಂದರೆಯಿಲ್ಲ. ಆದರೆ ರಾತ್ರಿ ಉಳಿದುಕೊಂಡ ನೆಂಟರೊಬ್ಬರು ಅದೇ ಗಡಿಯಾರವನ್ನು ನಂಬಿ ಬೆಳಗಿನ ರೈಲಿಗೆ ಹೊರಟರೆ ಅವರ ಗತಿಯೇನು? ಮನೆಯವರ ತಿಳಿವಳಿಕೆ ನೆಂಟರಿಗೆ ತಲಪಲಿಲ್ಲ. ಗಡಿಯಾರ ಮಾತ್ರ ತಲಪಿತು. ಒಂದೆಡೆ ಚೆನ್ನಾಗಿ ನಡೆಯುವುದು ಬೇರೆಯವರ ಕೈಗೆ ಹೋಗಿ ಕೆಟ್ಟರೆ ಅದರ ಹೊಣೆ ಯಾರದು? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಅದನ್ನು ಒರೆಹಚ್ಚಿ ನೋಡಲು ತಕ್ಕ ಉದಾಹರಣೆಯೊಂದು ನನಗೆ ಕಂಪ್ಯೂಟರಿನ ಲೋಕದಲ್ಲಿ ದೊರೆಯಿತು.

ಕಂಪ್ಯೂಟರಿಗೆ ಒಪ್ಪಿಸುವ ಕೆಲಸಗಳನ್ನು ಸಾಲಾಗಿ ಬರೆದಿಟ್ಟ ಪಟ್ಟಿಗೆ ಸ್ಕ್ರಿಪ್ಟ್ ಎನ್ನುತ್ತಾರೆ. ಇಂಥ ಕಡತವನ್ನು ಹುಡುಕು, ಅದರ ಪ್ರತಿ ತೆಗೆ, ಹಳೆಯದನ್ನು ಅಳಿಸು—ಹೀಗೆ. ಈ ಪಟ್ಟಿಯನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ದುಭಾಷಿಯ ಹೆಸರು ಶೆಲ್. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಇಂದು ಹಲವಾರಿವೆ. ಡೆಬಿಯನ್, ಉಬುಂಟು, ಆಲ್ಪೈನ್ ಮೊದಲಾದುವು ಲಿನಕ್ಸ್ ವಂಶದವು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ನೆಟ್‌ಬಿಎಸ್‌ಡಿಗಳು ಬರ್ಕ್‌ಲಿ ವಂಶದವು. ಎಲ್ಲವೂ ಬೆಲ್ ಪ್ರಯೋಗಾಲಯದ ಯುನಿಕ್ಸ್ ಎಂಬ ಹಿರಿಯನ ನಡೆನುಡಿಗಳನ್ನು ಕಲಿತವು. ಆದುದರಿಂದ ಅವುಗಳ ಮಾತು ಬಹುಮಟ್ಟಿಗೆ ಒಂದೇ. ಆದರೆ ‘ಬಹುಮಟ್ಟಿಗೆ’ ಎಂಬ ಈ ಮಾತಿನೊಳಗೇ ತೊಡಕೆಲ್ಲ ಅಡಗಿ ಕುಳಿತಿದೆ.

ಬರಹವನ್ನು ತಿದ್ದುವ ‘ಸೆಡ್’ ಎಂಬ ಆಜ್ಞೆಯನ್ನೇ ನೋಡಿ. ಕಡತವನ್ನು ಇದ್ದಲ್ಲಿಯೇ ತಿದ್ದು ಎಂದು ಹೇಳಲು ಅದಕ್ಕೆ ‘ಐ’ ಎಂಬ ಗುರುತನ್ನು ಕೊಡುತ್ತಾರೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿರುವ ಸೆಡ್, ಈ ಗುರುತಿನ ಬಳಿಕ ಬಂದ ಮಾತನ್ನು ತಿದ್ದುಪಡಿಯ ಆದೇಶವೆಂದು ತಿಳಿಯುತ್ತದೆ. ಫ್ರೀಬಿಎಸ್‌ಡಿಯ ಸೆಡ್ ಅದೇ ಮಾತನ್ನು, ಹಳೆಯ ಪ್ರತಿಯ ಹೆಸರಿಗೆ ಸೇರಿಸಬೇಕಾದ ಬಾಲವೆಂದು ಭಾವಿಸಿ, ಕಡತದ ಹೆಸರನ್ನೇ ಆದೇಶವೆಂದು ಓದಲು ಹೊರಡುತ್ತದೆ. ಎರಡೂ ವಿಧೇಯವೇ, ಅರ್ಥ ಮಾತ್ರ ಬೇರೆ.

ಇಂತಹ ಗೊಂದಲಕ್ಕೆ ಒಂದು ಮೇರೆ ಇರಲೆಂದು ತಜ್ಞರು ಸೇರಿ ಒಂದು ಮಾನಕವನ್ನು ಬರೆದರು. ‘ಪಾಸಿಕ್ಸ್’ ಎಂದು ಅದರ ಹೆಸರು. ಹೆಸರನ್ನು ಸೂಚಿಸಿದವರು ರಿಚರ್ಡ್ ಸ್ಟಾಲ್ಮನ್. 1988ರಲ್ಲಿ ಅದರ ಮೊದಲ ಭಾಗವೂ, 1992ರಲ್ಲಿ ಶೆಲ್ಲಿಗೂ ದಿನಬಳಕೆಯ ಆಜ್ಞೆಗಳಿಗೂ ಸಂಬಂಧಿಸಿದ ಭಾಗವೂ ಹೊರಬಂದುವು. ಮೇಲೆ ಹೇಳಿದ ‘ಐ’ ಗುರುತು ಅದರಲ್ಲಿಲ್ಲ. ಆ ಮಾನಕದಲ್ಲಿ ನನಗೆ ಮೆಚ್ಚುಗೆಯಾದ ಒಂದು ಗುಣವುಂಟು: ಏನನ್ನು ಗೊತ್ತುಮಾಡಲಾಗಲಿಲ್ಲವೋ ಅದನ್ನು ಮುಚ್ಚಿಡದೆ ಹೇಳುವುದು. ‘ಎಕೋ’ ಎಂಬ ಆಜ್ಞೆಗೆ ಕೆಲವು ಬಗೆಯ ಮಾತುಗಳನ್ನು ಕೊಟ್ಟರೆ ಫಲ ಆಯಾ ವ್ಯವಸ್ಥೆಗೆ ಬಿಟ್ಟದ್ದು ಎಂದು ಅದು ಸ್ಪಷ್ಟವಾಗಿ ಸಾರುತ್ತದೆ. ನಿಶ್ಚಿತವಾದ ಫಲ ಬೇಕೆಂದವರಿಗೆ ‘ಪ್ರಿಂಟ್‌ಎಫ್’ ಇದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ, ಇದನ್ನು ಓದತಕ್ಕ ದುಭಾಷಿ ಯಾರು ಎಂದು ಬರೆಯುವುದು ವಾಡಿಕೆ. ‘ಎಸ್‌ಎಚ್’ ಎಂದು ಬರೆದರೆ ಎಲ್ಲ ಕಡೆಯೂ ದೊರೆಯುವ ಸಾಮಾನ್ಯ ಶೆಲ್ ಎಂದರ್ಥ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಆ ಹೆಸರಿನ ಹಿಂದೆ ಕೆಲಸ ಮಾಡುತ್ತಿದ್ದುದು ‘ಬ್ಯಾಷ್’ ಎಂಬ ಸಮೃದ್ಧವಾದ ಶೆಲ್. ಅದು ಮಾನಕದಲ್ಲಿಲ್ಲದ ಎಷ್ಟೋ ಅನುಕೂಲಗಳನ್ನು ಕೇಳದೆಯೇ ಕೊಡುತ್ತಿತ್ತು. ಜನ ಬರೆದದ್ದು ಸಾಮಾನ್ಯ ಶೆಲ್ಲಿನ ಹೆಸರು. ಉಂಡದ್ದು ಬ್ಯಾಷಿನ ಊಟ. 2006ರಲ್ಲಿ ಉಬುಂಟುವಿನ 6.10ನೆಯ ಆವೃತ್ತಿ, ಯಂತ್ರ ಬೇಗ ಎಚ್ಚರಗೊಳ್ಳಲೆಂದು, ಆ ಸ್ಥಾನದಲ್ಲಿ ‘ಡ್ಯಾಷ್’ ಎಂಬ ಚಿಕ್ಕ, ಚುರುಕಾದ ಶೆಲ್ಲನ್ನು ಕೂರಿಸಿತು. 2011ರಲ್ಲಿ ಡೆಬಿಯನ್ನಿನ ಆರನೆಯ ಆವೃತ್ತಿಯೂ ಅದೇ ದಾರಿ ಹಿಡಿಯಿತು. ನಿನ್ನೆಯವರೆಗೆ ನಡೆಯುತ್ತಿದ್ದ ಎಷ್ಟೋ ಸ್ಕ್ರಿಪ್ಟುಗಳು ಮುಗ್ಗರಿಸಿದುವು.

ಯಾರದು ತಪ್ಪು? “ನಿನ್ನೆಯವರೆಗೆ ನಡೆಯುತ್ತಿತ್ತು, ಕೆಡಿಸಿದವರು ನೀವು” ಎಂದು ಒಂದು ಪಕ್ಷ. “ನೀವು ಕೇಳಿದ್ದು ಸಾಮಾನ್ಯ ಶೆಲ್, ನಾವು ಕೊಟ್ಟದ್ದೂ ಅದನ್ನೇ” ಎಂದು ಇನ್ನೊಂದು ಪಕ್ಷ.

ಹಳ್ಳಿಗಳಲ್ಲಿ ಒಬ್ಬರ ಹೊಲದ ನಡುವೆ ಊರವರು ಓಡಾಡಿ ಕಾಲುದಾರಿ ಬಿದ್ದಿರುತ್ತದೆ. ಒಂದು ದಿನ ಹೊಲದವನು ಬೇಲಿ ಹಾಕುತ್ತಾನೆ. ಅವನ ಹೊಲ ಅವನದು, ನಿಜ. ಹಾಗೆಂದು ಊರವರ ಅಳಲು ಪೊಳ್ಳೆನ್ನಲಾದೀತೆ? ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕೆಂದು ನಡೆದ ದಾರಿಗೆ ನಮ್ಮ ದೇಶದ 1882ರ ಕಾನೂನು ಕೂಡ ಮನ್ನಣೆ ಕೊಡುತ್ತದೆ. ರೂಢಿಗೂ ಒಂದು ಬೆಲೆಯುಂಟು. ಪಾಸಿಕ್ಸ್ ಕೂಡ ಇದಕ್ಕೆ ಕಣ್ಣು ಮುಚ್ಚಿಲ್ಲ. ಒಂದರ ಹಿಂದೊಂದು ಪೋಣಿಸಿದ ಆಜ್ಞೆಗಳಲ್ಲಿ ಯಾವುದೊಂದು ಸೋತರೂ ಒಟ್ಟು ಸೋಲೆಂದು ಎಣಿಸುವ ‘ಪೈಪ್‌ಫೇಲ್’ ಎಂಬ ಏರ್ಪಾಡು ಬ್ಯಾಷಿನಲ್ಲಿ 2004ರಿಂದಲೇ ಇತ್ತು. ಮಾನಕ ಅದನ್ನು ಸೇರಿಸಿಕೊಂಡದ್ದು 2024ರ ಆವೃತ್ತಿಯಲ್ಲಿ. ಇಲ್ಲಿಯೂ ಇಪ್ಪತ್ತು ವರ್ಷ!

ಆದರೆ ಈ ಹೋಲಿಕೆಯಲ್ಲಿ ಒಂದು ಅಂಶವನ್ನು ಮರೆಯಬಾರದು. ಕಾಲುದಾರಿಯಲ್ಲಿ ನಡೆದವನಿಗೆ ತಾನು ಪರರ ಹೊಲದಲ್ಲಿ ನಡೆಯುತ್ತಿದ್ದೇನೆಂಬ ಅರಿವಿರುತ್ತದೆ. ಬೇಲಿ ಬಿದ್ದರೆ ಮುಳ್ಳು ಚುಚ್ಚುವುದೂ ಅವನಿಗೇ. ಸ್ಕ್ರಿಪ್ಟ್ ಬರೆದವನಿಗೆ ಎರಡೂ ಇಲ್ಲ. ಮುಳ್ಳು ಚುಚ್ಚುವುದು ಅವನ ಮಾತನ್ನು ನಂಬಿದ, ಅವನು ಕಂಡೂ ಇರದ ಇನ್ನೊಬ್ಬನಿಗೆ.

ಅದೂ ಯಾವಾಗಲೂ ತಕ್ಷಣ ಚುಚ್ಚುವುದಿಲ್ಲ. ಎರಡು ಪದಗಳು ಒಂದೇ ಆಗಿವೆಯೆ ಎಂದು ಚೌಕ ಕಂಸದ ಪರೀಕ್ಷೆಯಲ್ಲಿ ಕೇಳಲು ಮಾನಕದಂತೆ ಒಂದು ಸಮಚಿಹ್ನೆ ಸಾಕು. ಬ್ಯಾಷ್ ಎರಡು ಸಮಚಿಹ್ನೆಗಳನ್ನೂ ಒಪ್ಪುತ್ತದೆ. ಡ್ಯಾಷಿಗೆ ಎರಡು ಕೊಟ್ಟರೆ “ಇದು ನನಗೆ ತಿಳಿಯದು” ಎಂದು ಒಂದು ಸಾಲು ಗೊಣಗುತ್ತದೆ, ಆದರೆ ನಿಲ್ಲುವುದಿಲ್ಲ. “ತಿಳಿಯದು” ಎಂಬ ಉತ್ತರವನ್ನು “ಅಲ್ಲ” ಎಂಬ ಉತ್ತರದಂತೆಯೇ ಎಣಿಸಿ ಮುಂದೆ ಸಾಗುತ್ತದೆ. ‘ಈ ದಿನ ಭಾನುವಾರವಾದರೆ ಪ್ರತಿ ತೆಗೆ’ ಎಂದು ಬರೆದಿದ್ದರೆ ಯಾವ ಭಾನುವಾರವೂ ಪ್ರತಿ ಬೀಳುವುದಿಲ್ಲ. ರಾತ್ರಿಯ ಹೊತ್ತು ತಾನಾಗಿ ನಡೆಯುವ ಕೆಲಸದ ಗೊಣಗಾಟವನ್ನು ಕೇಳುವವರು ಯಾರು? ತಿಂಗಳುಗಳ ಮೇಲೆ ಡಿಸ್ಕ್ ಕೆಟ್ಟ ದಿನ, ಇದೆಯೆಂದು ನಂಬಿದ್ದ ಪ್ರತಿಗಾಗಿ ಕೈಚಾಚಿದವನಿಗೆ ಅದು ಇಲ್ಲವೆಂದು ತಿಳಿಯುತ್ತದೆ. ಅವನು ಕಳೆದುಕೊಂಡದ್ದು ಮಕ್ಕಳ ಚಿತ್ರಗಳಿರಬಹುದು, ಒಂದು ಅಂಗಡಿಯ ವರ್ಷದ ಲೆಕ್ಕವಿರಬಹುದು. ಆದುದರಿಂದಲೇ ಇದು ಬರಿಯ ತಾಂತ್ರಿಕ ಜಾಣ್ಮೆಯ ವಿಷಯವೆಂದು ನನಗೆ ತೋರುವುದಿಲ್ಲ.

ಇಲ್ಲೊಂದು ಆಕ್ಷೇಪಣೆಯುಂಟು, ನ್ಯಾಯವಾದದ್ದೇ. ಇವನ್ನು ಬರೆಯುವವರಲ್ಲಿ ಅನೇಕರು ಕಾಸಿಲ್ಲದೆ ಬರೆದು ಹಂಚುವವರು. ದಾನ ಕೊಟ್ಟವನ ಮೇಲೆ, ಲೋಕದ ಎಲ್ಲ ಯಂತ್ರಗಳಲ್ಲಿಯೂ ಇದು ನಡೆಯಬೇಕು ಎಂಬ ಹೊರೆಯನ್ನೂ ಹೊರಿಸುವುದು ಸರಿಯೆ? ಸರಿಯಲ್ಲ. ಎಲ್ಲೆಡೆಯೂ ನಡೆಯಬೇಕೆಂಬ ಋಣ ಯಾರ ಮೇಲೂ ಇಲ್ಲ. ಆದರೆ ಹೇಳಿದ್ದು ನಿಜವಾಗಿರಬೇಕೆಂಬ ಋಣ ದಾನಿಗೂ ಉಂಟು. ಬ್ಯಾಷ್ ಬೇಕಾದರೆ ಮೊದಲ ಸಾಲಿನಲ್ಲಿ ಬ್ಯಾಷ್ ಎಂದೇ ಬರೆಯಲಿ, ಅದರಲ್ಲಿ ನಾಚಿಕೆಯೇನಿದೆ? ಲಿನಕ್ಸಿನಲ್ಲಿ ಮಾತ್ರ ನಡೆಯುತ್ತದೆ ಎಂದು ತಿಳಿಸಿಬಿಟ್ಟರೆ ಅದೂ ಒಂದು ಉಪಕಾರವೇ. ಸಾಮಾನ್ಯ ಶೆಲ್ಲಿನ ಹೆಸರು ಹಾಕಿ ಒಳಗೆ ಬ್ಯಾಷನ್ನು ನಂಬಿಕೊಂಡರೆ ಮಾತ್ರ, ತಿಳಿಯದೆಯೇ ಆದರೂ, ಅದು ಸುಳ್ಳು ಸಾಕ್ಷಿಯಾಗುತ್ತದೆ.

ಅರಿಯದೆ ಆಡಿದ್ದನ್ನು ಸುಳ್ಳೆಂದು ಕರೆಯಬಹುದೆ ಎಂದು ನೀವು ಕೇಳಬಹುದು. ಅರಿಯುವ ಉಪಾಯ ಕೈಗೆಟುಕದಿದ್ದಾಗ ಕರೆಯಲಾಗದು. ಇಂದು ಉಪಾಯಗಳಿವೆ. ಸ್ಕ್ರಿಪ್ಟನ್ನು ಒಮ್ಮೆ ಡ್ಯಾಷಿನ ಕೈಗೆ ಕೊಟ್ಟು ನೋಡಬಹುದು. ‘ಶೆಲ್‌ಚೆಕ್’ ಎಂಬ ಉಚಿತ ಸಾಧನ, ಮೊದಲ ಸಾಲಿಗೂ ಒಳಗಿನ ಮಾತಿಗೂ ಹೊಂದಿಕೆಯಿಲ್ಲದ ಕಡೆ ಬೆರಳಿಟ್ಟು ತೋರಿಸುತ್ತದೆ. ಫ್ರೀಬಿಎಸ್‌ಡಿಯನ್ನು ಒಂದು ಪರೀಕ್ಷೆಗಾಗಿ ತಂದಿಟ್ಟುಕೊಳ್ಳಲು ಕಾಸೂ ಬೇಕಿಲ್ಲ, ಅಪ್ಪಣೆಯೂ ಬೇಕಿಲ್ಲ. ನಾನು ಬಿಡುವಿನಲ್ಲಿ ಬರೆಯುವ ಸಣ್ಣಪುಟ್ಟ ಸ್ಕ್ರಿಪ್ಟುಗಳಿಗೂ ಹೀಗೆ ಮಾಡುತ್ತೇನೆ. ಅದಕ್ಕೆ ಹಿಡಿಯುವುದು ಒಂದು ಕಾಫಿಯ ಹೊತ್ತು. ಇಷ್ಟು ಅಗ್ಗವಾಗಿ ದೊರೆಯುವ ಅರಿವನ್ನು ಬೇಡವೆಂದವನ ಅಜ್ಞಾನ ಪೂರ್ತಿ ನಿರ್ದೋಷವೆಂದು ನನಗನ್ನಿಸದು.

ನಾವು ಬರೆದಿಟ್ಟ ಮಾತನ್ನು ನಾವಿಲ್ಲದ ಕಡೆ ಯಾರೋ ನಂಬಿ ನಡೆಯುತ್ತಾರೆ. ಕೇಳೋಣವೆಂದರೆ ನಾವು ಅವರಿಗೆ ಸಿಕ್ಕುವುದಿಲ್ಲ. ಎಚ್ಚರಿಸೋಣವೆಂದರೆ ಅವರು ಯಾರೆಂದು ನಮಗೆ ತಿಳಿಯದು. ಅವರಿಗೂ ನಮಗೂ ನಡುವೆ ಇರುವುದು ಆ ಮೊದಲ ಸಾಲೊಂದೇ. ಅದನ್ನು ಬರೆಯುವಾಗ ಒಂದು ಗಳಿಗೆ ಕೈತಡೆದು ಯೋಚಿಸುವುದು ಹೆಚ್ಚಿನ ತ್ಯಾಗವೇನಲ್ಲ.