ಬಾಗಿಲೂ ಜಗಲಿಯೂ

ಒಂದು ದೇಶ ಹೊರಗಿನವರಲ್ಲಿ ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾರನ್ನು ಬಿಟ್ಟುಕೊಳ್ಳಬಾರದು? ಬಂದವರು ಎಷ್ಟು ಕಾಲ ಇದ್ದರೆ ಒಳಗಿನವರಾಗುತ್ತಾರೆ? ಇಂಥ ಪ್ರಶ್ನೆಗಳನ್ನು ರಾಜಧಾನಿಯ ದೊಡ್ಡವರಿಗೆ ಬಿಟ್ಟು ನಾವು ಸುಮ್ಮನಿರುವುದು ವಾಡಿಕೆ. ಆದರೆ ಗಡಿನಾಡಿನ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಮಾತನಾಡಲು ವಿಶೇಷವಾದ ಅಧಿಕಾರವಿದೆ ಎಂದು ನನ್ನ ಭಾವನೆ. ನಾವು ಊರು ಬಿಟ್ಟು ಹೋದವರಲ್ಲ. ಇದ್ದಲ್ಲೇ ಇದ್ದು 'ಹೊರನಾಡಿಗರು' ಎನಿಸಿಕೊಂಡವರು.

ನನ್ನ ಊರು ಅಗಳಿ. ಮಡಕಶಿರಾ ಸೀಮೆಯನ್ನು ಹೆಚ್ಚು ಕಡಿಮೆ ಸುತ್ತಲೂ ಕರ್ನಾಟಕವೇ ಆವರಿಸಿದೆ. ಆದರೂ ನಾವು 1953ರ ಅಕ್ಟೋಬರ್ 1ರವರೆಗೆ ಮದರಾಸಿನವರು, ಆಮೇಲೆ ಆಂಧ್ರದವರು. ಅದೇ ದಿನ ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲೂಕುಗಳು ಮೈಸೂರಿಗೆ ಸೇರಿದರೆ ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸಲ್ಲಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ ಮಾತು ಕಾಗದದಲ್ಲೇ ಉಳಿಯಿತು. 2022ರಿಂದ ಅಗಳಿ ಅನಂತಪುರ ಜಿಲ್ಲೆಯಲ್ಲೂ ಇಲ್ಲ, ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆ ಅದೇ, ಹೊಲ ಅದೇ, ವಿಳಾಸ ಮಾತ್ರ ಬೇರೆ. ಹೀಗಾಗಿ 'ಒಳಗಿನವನು', 'ಹೊರಗಿನವನು' ಎಂಬ ಮಾತುಗಳು ದೇವರು ಬರೆದವಲ್ಲ, ಮನುಷ್ಯರು ಬರೆದವು ಎಂಬುದನ್ನು ನಮಗೆ ಯಾರೂ ಬೋಧಿಸಬೇಕಾಗಿಲ್ಲ.

ಹಾಗೆಂದು ಗಡಿಯೇ ಬೇಡ, ಬಾಗಿಲೇ ಬೇಡ ಎನ್ನುವವರ ಪಕ್ಷ ನನ್ನದಲ್ಲ. ದೇಶವೆಂದರೆ ಒಂದು ಕೂಡುಕುಟುಂಬದಂತೆ. ತೆರಿಗೆ, ಪಡಿತರ, ಶಾಲೆ, ಆಸ್ಪತ್ರೆ ಇವೆಲ್ಲ ಲೆಕ್ಕವಿಟ್ಟು ನಡೆಯುವಂಥವು. ಎಷ್ಟು ಜನ ಉಣ್ಣುವವರೆಂದು ತಿಳಿಯದೆ ಅಡುಗೆ ಮಾಡುವುದು ಹೇಗೆ? ಭಾರತವೂ 1946ರ ವಿದೇಶೀಯರ ಕಾಯಿದೆ ಮೊದಲಾದ ಹಳೆಯ ಶಾಸನಗಳನ್ನು ತೆಗೆದು, ವಲಸೆ ಮತ್ತು ವಿದೇಶೀಯರ ಕುರಿತು ಒಂದೇ ಕಾಯಿದೆಯನ್ನು 2025ರಲ್ಲಿ ಮಾಡಿಕೊಂಡಿತು. ಬಾಗಿಲು ಕಾಯುವ ಹಕ್ಕು ಮನೆಯವರಿಗೆ ಇರಲಿ. ನನ್ನ ಪ್ರಶ್ನೆ ಬಾಗಿಲಿನದಲ್ಲ, ಜಗಲಿಯದು. ಕರೆದು ಒಳಗೆ ಬಿಟ್ಟುಕೊಂಡವನನ್ನು, ಅವನಿಂದ ದುಡಿಸಿಕೊಂಡ ಮೇಲೂ, ಜೀವಮಾನವಿಡೀ ಜಗಲಿಯಲ್ಲೇ ಕೂರಿಸುವ ಹಕ್ಕು ಯಾರಿಗಾದರೂ ಇದೆಯೇ?

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಿಮ್ಮ ನೆರೆಯ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದ ತಮಿಳು ಕುಟುಂಬಗಳಿವೆ. ಅವರ ಹಿರಿಯರನ್ನು ಬ್ರಿಟಿಷರು ತೋಟದ ಕೆಲಸಕ್ಕೆಂದು ಆ ದ್ವೀಪಕ್ಕೆ ಒಯ್ದಿದ್ದರು. ತಲೆಮಾರುಗಳ ಕಾಲ ಅವರು ಚಹಾ ಬೆಳೆದರು. ಸಿಲೋನು ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯಿದೆ ಅವರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟಿತು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದ ಮಾಡಿಕೊಂಡು 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಹಂಚಿಕೊಂಡರು. ಮಿಕ್ಕ 1,50,000 ಜನರನ್ನು 1974ರಲ್ಲಿ ಸಮಪಾಲು ಮಾಡಿದರು. ಪಾಲುಪಟ್ಟಿಯಲ್ಲಿ ಪಾತ್ರೆಪಗಡಿ ಹಂಚಿದ ಹಾಗೆ ಮನುಷ್ಯರನ್ನು ಹಂಚಿದ್ದು ಇದು. ಅಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವರು ಕಾಣದ 'ತಾಯ್ನಾಡಿಗೆ' ಹೊರಟರು. ಇಲ್ಲಿ ತಪ್ಪು ಬಾಗಿಲು ತೆರೆದದ್ದರಲ್ಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದದ್ದರಲ್ಲಿದೆ.

ಜರ್ಮನಿಯೂ ಇದೇ ದಾರಿಯಲ್ಲಿ ನಡೆದು ಪಾಠ ಕಲಿತ ದೇಶ. 1955ರಲ್ಲಿ ಇಟಲಿಯಿಂದ, 1961ರಿಂದ ತುರ್ಕಿಯಿಂದ ಕಾರ್ಖಾನೆಗಳಿಗೆ ಆಳುಗಳನ್ನು ಕರೆಸಿ ಅವರಿಗೆ 'ಅತಿಥಿ ಕಾರ್ಮಿಕರು' ಎಂದು ಹೆಸರಿಟ್ಟಿತು. ಅತಿಥಿ ಎಂದ ಮೇಲೆ ಒಂದು ದಿನ ಹೊರಡಬೇಕಷ್ಟೆ. ಆದರೆ ಬಂದವರು ಮದುವೆಯಾದರು, ಮಕ್ಕಳಾದರು, ಮಕ್ಕಳು ಜರ್ಮನ್ ಭಾಷೆಯಲ್ಲೇ ಕನಸು ಕಂಡರು. ಅಂಥ ಮಕ್ಕಳಲ್ಲಿ, ಹೆತ್ತವರು ಎಂಟು ವರ್ಷ ಕಾಯಿದೆ ಪ್ರಕಾರ ನೆಲಸಿದ್ದರೆ, ಹುಟ್ಟಿನಿಂದಲೇ ಪೌರತ್ವ ಎಂಬ ನಿಯಮ ಜಾರಿಗೆ ಬಂದದ್ದು 2000ದಲ್ಲಿ. ಗಲ್ಫಿನ ವಿಚಾರವನ್ನು ಕಾಸರಗೋಡಿನವರಿಗೆ ನಾನು ಹೇಳಬೇಕಾಗಿಲ್ಲ. ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲಾಗದೆ ಕಷ್ಟಪಟ್ಟವರು ನಿಮ್ಮ ಮನೆಗಳಲ್ಲೇ ಇದ್ದಾರು. ಕತಾರ್ ಆ ಕಟ್ಟನ್ನು 2020ರಲ್ಲಿ ಸಡಿಲಿಸಿತು. ಹಾಗಿದ್ದೂ ಅಲ್ಲಿ ಆಯುಷ್ಯ ಸವೆಸಿದ ಸಾಮಾನ್ಯ ಕೂಲಿಕಾರ ಅಲ್ಲಿಯ ಪೌರನಾಗುವುದು ಇಲ್ಲವೆಂದೇ ಹೇಳಬೇಕು.

ನಮ್ಮ ನಾಡಿನ ನಡತೆ ಹೇಗಿದೆ? ಒಳ್ಳೆಯದನ್ನು ಮೊದಲು ಹೇಳೋಣ. 1960ರಲ್ಲಿ ಮೈಸೂರು ಸರಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನನ್ನು ಟಿಬೆಟಿನ ನಿರಾಶ್ರಿತರಿಗೆ ಕೊಟ್ಟಿತು. ಮುಂದೆ ಮುಂಡಗೋಡ, ಕೊಳ್ಳೇಗಾಲಗಳಲ್ಲೂ ಅವರಿಗೆ ನೆಲೆ ಸಿಕ್ಕಿತು. ಬಾಗಿಲು ತೆರೆಯುವುದರಲ್ಲಿ ನಾಡು ದೊಡ್ಡ ಮನಸ್ಸು ತೋರಿದೆ. ಆದರೆ ಜಗಲಿ ದಾಟಿಸಲು ಅರ್ಧ ಶತಮಾನ ಬೇಕಾಯಿತು. 1950ರ ಜನವರಿ 26ಕ್ಕೂ 1987ರ ಜುಲೈ 1ಕ್ಕೂ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟು ಹೇಳಿದ್ದು 2010ರಲ್ಲಿ. ಇನ್ನೊಂದೆಡೆ, 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳ ಆರು ಧರ್ಮದವರಿಗೆ ದಾರಿ ಸುಲಭ ಮಾಡಿತು. ಶ್ರೀಲಂಕಾದಿಂದ ಓಡಿಬಂದ ತಮಿಳರು ಅದರಲ್ಲಿ ಸೇರಲಿಲ್ಲ. ಪ್ರಾಣಭಯದಿಂದ ಬಂದವನ ಭಯವನ್ನು ಅಳೆಯುವ ಮೊದಲೇ ಅವನ ಮತವನ್ನೂ ಊರನ್ನೂ ಕೇಳುವುದು ನನಗೆ ಸರಿಕಾಣದು.

ಇನ್ನು ದೇಶದ ಒಳಗಿನ ವಲಸೆ. ರಾಜ್ಯದ ಗಡಿ ದೇಶದ ಗಡಿಯಲ್ಲ. ಭಾರತದ ಪೌರ ಎಲ್ಲಿ ಬೇಕಾದರೂ ನೆಲಸಬಹುದೆಂದು ಸಂವಿಧಾನದ 19ನೆಯ ವಿಧಿ ಹೇಳುತ್ತದೆ. ಆದರೂ ನಮ್ಮ ಮನಸ್ಸುಗಳು ಇಲ್ಲಿಯೂ ಬಾಗಿಲು ಕಾಯುತ್ತವೆ. ನಾನು ಬ್ಯಾಂಕಿನ ಗುಮಾಸ್ತ. ಕೌಂಟರಿನ ಮುಂದೆ ಬಿಹಾರದ, ಒಡಿಶಾದ ಹುಡುಗರು ನಿಲ್ಲುತ್ತಾರೆ. ಕೈಯಲ್ಲಿ ಸಿಮೆಂಟು, ಕಾಗದದಲ್ಲಿ ಸಾವಿರ ಮೈಲಿ ಆಚೆಯ ವಿಳಾಸ. ತಿಂಗಳ ಮೊದಲ ವಾರ ಊರಿಗೆ ಹಣ ಕಳಿಸುತ್ತಾರೆ. ಅವರು ಕಟ್ಟಿದ ಮನೆಗಳಿಗೆ ನಾವು ಸಾಲ ಕೊಡುತ್ತೇವೆ, ಆದರೆ ಅವರಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತೇವೆ. ಕೇರಳದಲ್ಲಿ ಇಂಥವರನ್ನು 'ಅತಿಥಿ ತೊಳಿಲಾಳಿ' ಎನ್ನುತ್ತಾರೆ. ಮಾತು ಸೊಗಸಾಗಿದೆ. ಆದರೆ ಅತಿಥಿಗೆ ಊಟವುಂಟು, ಪಾಲಿಲ್ಲ ಎಂಬುದನ್ನು ಜರ್ಮನಿಯ ಕತೆ ಹೇಳಿಯಾಗಿದೆ.

ಇಲ್ಲಿ ಓದುಗರ ಮನಸ್ಸಿನಲ್ಲಿ ಏಳುವ ಆಕ್ಷೇಪಣೆಯನ್ನು ನಾನು ಬಲ್ಲೆ. "ಬಂದವರಿಗೆಲ್ಲ ಪಾಲು ಕೊಡುತ್ತ ಹೋದರೆ ಮೊದಲೇ ಕಡಿಮೆಯಿರುವ ನಾವು ಎಲ್ಲಿ ಉಳಿದೇವು?" ತಿರುವಾಂಕೂರು ಕಡೆಯ ಕುಟುಂಬಗಳು ಕಾಸರಗೋಡಿನ ಪೂರ್ವದ ಗುಡ್ಡಗಳಿಗೆ ಬಂದು ನೆಲಸಿದ್ದನ್ನು ಕಂಡ ಹಿರಿಯರಿಗೆ ಈ ಭಯ ಸಹಜ. ಮಲಯಾಳದ ಬಾಂಧವರೂ ಓದುವ ಈ ಪುಟದಲ್ಲೇ ಇದನ್ನು ಬಿಚ್ಚಿ ಹೇಳುವುದು ಲೇಸು. ಆದರೆ ನಿಜವಾಗಿ ನಮಗೆ ನೋವಾದದ್ದು ಎಲ್ಲಿ? ಪಕ್ಕದ ಹಿತ್ತಿಲಿನಲ್ಲಿ ಮಲಯಾಳ ಕೇಳಿದ್ದರಿಂದಲೇ? ಅಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ಶಾಲೆಗೆ ಬಂದದ್ದರಿಂದ, ಕಚೇರಿಯ ಕಾಗದ ಓದಲು ಬಾರದ ಲಿಪಿಯಲ್ಲಿ ಬಂದದ್ದರಿಂದ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯಿದೆ ಬಂದಾಗ ನೀವು ಪ್ರತಿಭಟಿಸಿದ್ದು ಒಂದು ಭಾಷೆಯ ಮೇಲಿನ ದ್ವೇಷದಿಂದಲ್ಲ. ಇದು ಆಳುವವರ ಧೋರಣೆಯ ಪ್ರಶ್ನೆ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಮಾಡಿಕೊಡಬೇಕೆಂದು 350-ಎ ವಿಧಿ ಹೇಳುತ್ತದೆ. ಅದು ನಡೆದರೆ ನೆರೆಯವನು ಎಷ್ಟು ಜನ ಬಂದರೂ ನಮ್ಮ ನುಡಿ ಉಳಿದೀತು. ನಡೆಯದಿದ್ದರೆ, ಯಾರೂ ಬರದಿದ್ದರೂ ಅಳಿದೀತು.

ಬಾಗಿಲು ಬಿಗಿಯಾಗಿ ಹಾಕುವವರ ಕೈಯಲ್ಲಿ ನಮ್ಮ ಗತಿ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈಯ ಪ್ರಸಂಗವೇ ಸಾಕ್ಷಿ. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಎಂಬ ಮಸೂದೆಗೆ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಹಲವರು ಹಿಗ್ಗಿದರು. ಆದರೆ 'ಸ್ಥಳೀಯ' ಎಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ವಾಸವಿರಬೇಕು, ಕನ್ನಡ ಓದಿ ಬರೆದು ಮಾತಾಡಲು ಬರಬೇಕು. ಅಗಳಿಯಲ್ಲೋ ಮಂಜೇಶ್ವರದಲ್ಲೋ ಹುಟ್ಟಿ, ಕನ್ನಡ ಶಾಲೆಯಲ್ಲೇ ಕಲಿತ ಮಗುವಿಗೆ ಮೂರನೆಯದು ಉಂಟು, ಮೊದಲಿನೆರಡು ಇಲ್ಲ. ಕನ್ನಡದ ಹೆಸರಿನಲ್ಲಿ ಹಾಕಿದ ಬಾಗಿಲು ಮೊದಲು ತಟ್ಟುವುದು ಗಡಿನಾಡಿನ ಕನ್ನಡಿಗನ ಹಣೆಗೇ. ಗದ್ದಲವಾಗಿ ಎರಡೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿದರು. ಆಂಧ್ರವೂ 2019ರಲ್ಲಿ ಕಾರ್ಖಾನೆಗಳಲ್ಲಿ ನೂರಕ್ಕೆ 75 ಎಂದು ಕಾಯಿದೆ ಮಾಡಿತ್ತು. ಹರಿಯಾಣದ ಅಂಥದೇ ಕಾಯಿದೆಯನ್ನು 2023ರಲ್ಲಿ ಹೈಕೋರ್ಟು ರದ್ದುಮಾಡಿತು.

ಹೀಗಾಗಿ ವಲಸೆಯ ನೀತಿಯನ್ನು ಬರೆಯುವವರು ಗೆರೆಯ ತಪ್ಪು ಮಗ್ಗುಲಲ್ಲಿ ತಾವೇ ನಿಂತಿರುವಂತೆ ಭಾವಿಸಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಬರೆದರೆ ಅದರಲ್ಲಿ ಮೂರು ಮಾತು ತಾವಾಗಿಯೇ ಬರುತ್ತವೆ. ಪ್ರಾಣಭಯದಿಂದ ಬಂದವನನ್ನು ಮತ ಕೇಳದೆ ವಿಚಾರಿಸಬೇಕು. ಕೆಲಸಕ್ಕೆ ಕರೆದವನಿಗೆ ಎಷ್ಟು ವರ್ಷದ ಮೇಲೆ ಮನೆಯವನಾಗಬಹುದು ಎಂಬುದನ್ನು ಕರೆಯುವಾಗಲೇ ಹೇಳಿ, ಆ ಮಾತಿಗೆ ತಪ್ಪದೆ ನಡೆಯಬೇಕು. ಅವನ ಮಕ್ಕಳಿಗೆ ಪರಕೀಯತೆ ಪಿತ್ರಾರ್ಜಿತ ಆಸ್ತಿಯಾಗಬಾರದು. ನಾಡಿನ ಭಾಷೆಯನ್ನು ಬಂದವನಿಗೆ ಪ್ರೀತಿಯಿಂದ ಕಲಿಸಬೇಕು, ಅದನ್ನೇ ಬೀಗ ಮಾಡಬಾರದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ನಮ್ಮವರದೇ ಗಾದೆ. ಬಂದವಳಿಗೆ ಬಾವಿಯ ದಾರಿ ತೋರಿಸುವ ಕೆಲಸ ನಮ್ಮದು. ತೆಲುಗಿನವರಿಂದ, ಮಲಯಾಳದವರಿಂದ ನಾವು ಏನನ್ನು ಕೇಳುತ್ತ ಬಂದಿದ್ದೇವೆಯೋ ಅದನ್ನೇ ನಮ್ಮ ಕೇರಿಯ ಬಾಡಿಗೆ ಕೋಣೆಯಲ್ಲಿರುವ ಒಡಿಯಾ ಹುಡುಗನಿಗೂ ಕೊಡೋಣ.