ಆಮೆಯನ್ನು ಉಡುಗೊರೆ ಕೊಡಬಹುದೇ?

ದಾನ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಶಾಸ್ತ್ರಕಾರರ ಉತ್ತರ ಖಚಿತವಾಗಿದೆ: ತನ್ನ ಸ್ವಾಮ್ಯವನ್ನು ಬಿಟ್ಟುಕೊಟ್ಟು ಇನ್ನೊಬ್ಬರ ಸ್ವಾಮ್ಯವನ್ನು ಉಂಟುಮಾಡುವುದು. ಕೈಯಿಂದ ಕೈಗೆ ದಾಟಿದ ಗಳಿಗೆಯಲ್ಲೇ ಕೊಟ್ಟವರ ಹಕ್ಕೂ ಮುಗಿಯಿತು, ಹೊಣೆಯೂ ಮುಗಿಯಿತು. ಸೀರೆಗೆ, ಪುಸ್ತಕಕ್ಕೆ, ಬೆಳ್ಳಿಲೋಟಕ್ಕೆ ಇದು ಸರಿಯಾಗಿ ಒಪ್ಪುತ್ತದೆ. ಮಗುವಿನ ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಜೀವಂತ ಆಮೆಯನ್ನು ಡಬ್ಬಿಯಲ್ಲಿಟ್ಟು ಒಯ್ಯುವವರಿಗೂ ಇದೇ ಲೆಕ್ಕ ಒಪ್ಪುತ್ತದೆಯೇ? ಕೂರ್ಮಾವತಾರದ ಮೇಲಿನ ಭಕ್ತಿ, ಆಮೆ ಇದ್ದ ಮನೆಗೆ ಲಕ್ಷ್ಮಿ ಬರುತ್ತಾಳೆಂಬ ನಂಬಿಕೆ, ಮಕ್ಕಳ ಸಂತೋಷ ಎಲ್ಲವೂ ಸೇರಿ ಈ ಉಡುಗೊರೆ ಶುಭವೆಂದೇ ತೋರುತ್ತದೆ. ಕೊಡುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಇದು ದಾನವೂ ಅಲ್ಲ, ಉಡುಗೊರೆಯೂ ಅಲ್ಲ ಎಂದು ನನಗೆ ಅನಿಸುತ್ತದೆ. ಇಲ್ಲಿ ಕೈ ಬದಲಾಗುವುದು ವಸ್ತುವಲ್ಲ, ಹಲವು ವರ್ಷಗಳ ದುಡಿಮೆ. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ ತಾನು ಬಿಡುಗಡೆಯಾಗುವ ಹಕ್ಕು ಯಾರಿಗೂ ಇಲ್ಲ.

ಆ ದುಡಿಮೆ ಎಷ್ಟೆಂದು ನೋಡಬೇಕು. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆ. ಮರಿಯಾಗಿದ್ದಾಗ ಅದು ಮೂರು ಸೆಂಟಿಮೀಟರಿನಷ್ಟಿದ್ದು ಅಂಗೈಯಲ್ಲಿ ಕೂರುತ್ತದೆ. ಹೆಣ್ಣಾದರೆ 25 ಸೆಂಟಿಮೀಟರ್ ದಾಟಿ ಬೆಳೆಯಬಹುದು. ಚೆನ್ನಾಗಿ ಸಾಕಿದರೆ 20ರಿಂದ 40 ವರ್ಷ ಬದುಕುತ್ತದೆ. ಅದು ಆಹಾರ ನುಂಗುವುದು ನೀರಿನೊಳಗೇ. ತಿಂದು ಮಿಕ್ಕಿದ್ದೂ ಹೊಲಸೂ ಅದೇ ನೀರಿನಲ್ಲಿ ಸೇರುವುದರಿಂದ ಗಟ್ಟಿಯಾದ ಫಿಲ್ಟರ್ ಇರಲೇಬೇಕು, ಮೇಲಿಂದ ಮೇಲೆ ನೀರು ಬದಲಿಸಬೇಕು. ಮೈ ಒಣಗಿಸಿಕೊಳ್ಳಲು ಬೆಚ್ಚಗಿನ ಒಣ ಜಾಗ ಬೇಕು. ಬಿಸಿಲಿನ ಅತಿನೇರಳೆ ಕಿರಣ ಮೈಗೆ ತಾಕದಿದ್ದರೆ ತಿಂದ ಸುಣ್ಣದ ಅಂಶ ದೇಹಕ್ಕೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ, ಹಾಗಾಗಿ ಕಿಟಕಿ ಪಕ್ಕದಲ್ಲಿಟ್ಟಿದ್ದೇವೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಒಣ ಸಿಗಡಿಯೊಂದನ್ನೇ ಹಾಕುತ್ತಾ ಹೋದರೆ ಎ ವಿಟಮಿನ್ ಕೊರತೆಯಾಗಿ ರೆಪ್ಪೆಗಳು ಊದಿ ಮುಚ್ಚಿಕೊಳ್ಳುತ್ತವೆ; ಕಣ್ಣು ಕಾಣದ ಆಮೆ ತಿನ್ನುವುದನ್ನೂ ಬಿಡುತ್ತದೆ. ಇಷ್ಟಾದರೂ ಅದು ಕೂಗುವುದಿಲ್ಲ. ನಾಯಿ ಹಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಆಮೆ ನರಳಿದರೆ ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಸುಲಭದ ಪ್ರಾಣಿ ಎಂದು ಅದಕ್ಕೆ ಬಂದ ಹೆಸರು ಈ ಮೌನದಿಂದಲೇ ಬಂದದ್ದು. ಚಿಪ್ಪು ಕಲ್ಲಲ್ಲ, ಅದರೊಳಗೂ ನರಗಳಿವೆ, ನೋವು ಮುಟ್ಟುತ್ತದೆ. ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಪುಟ್ಟ ಮಕ್ಕಳಿಗೆ ಅಪಾಯವೂ ಉಂಟು. ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಗೋದಾನ ಇಲ್ಲವೇ, ರಾಜರು ಆನೆ ಕುದುರೆಗಳನ್ನು ಕೊಡಲಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಜೀವವನ್ನು ಕೊಡುವುದನ್ನು ನಮ್ಮ ಪರಂಪರೆ ನಿಷೇಧಿಸಲಿಲ್ಲ. ಆದರೆ ಅದೇ ಪರಂಪರೆಯ ಕಠೋಪನಿಷತ್ತು ಶುರುವಾಗುವುದೇ ಕೆಟ್ಟ ಗೋದಾನದಿಂದ. ಇನ್ನು ಹುಲ್ಲು ತಿನ್ನಲಾರದ, ನೀರು ಕುಡಿಯಲಾರದ, ಹಾಲು ಬತ್ತಿದ ಹಸುಗಳನ್ನು ತಂದೆ ದಾನಕ್ಕೆ ಹೊಡೆದುಕೊಂಡು ಹೋಗುವುದನ್ನು ನಚಿಕೇತ ನೋಡುತ್ತಾನೆ. ನನ್ನನ್ನು ಯಾರಿಗೆ ಕೊಡುತ್ತೀಯ ಎಂದು ತಂದೆಯನ್ನೇ ಕೇಳುತ್ತಾನೆ. ಆ ಹುಡುಗನಿಗೆ ಹೊಳೆದದ್ದು ಇಷ್ಟು: ಕೊಟ್ಟ ಮಾತ್ರಕ್ಕೆ ಪುಣ್ಯ ಬರುವುದಿಲ್ಲ, ಇಸಿದುಕೊಂಡವರ ಮನೆಯಲ್ಲಿ ಅದರಿಂದ ಏನಾಗುತ್ತದೆ ಎಂಬುದೂ ದಾನದ ಭಾಗ. ದಾನದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂದು ನಮ್ಮ ಗಾದೆ ಇಸಿದುಕೊಳ್ಳುವವರ ಬಾಯಿ ಕಟ್ಟುತ್ತದೆ. ಹಾಗೆ ಬಾಯಿ ಕಟ್ಟಿದವರ ಕೈಗೆ ಕೊಡುವಾಗ ಹಲ್ಲು ನೋಡುವ ಕೆಲಸ ಕೊಡುವವರದೇ ಆಗುತ್ತದೆ. ಅದೂ ಅಲ್ಲದೆ ಹಸುವನ್ನು ಪಡೆದವರ ಮನೆಯಲ್ಲಿ ಕೊಟ್ಟಿಗೆ ಇತ್ತು, ಹುಲ್ಲಿತ್ತು, ಹಸುವಿನ ಕಾಯಿಲೆ ಕಸಾಲೆ ಬಲ್ಲ ಹಿರಿಯರಿದ್ದರು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆಮೆಯ ಬಗ್ಗೆ ಅಷ್ಟು ಬಲ್ಲವರು ಯಾರಿದ್ದಾರೆ?

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮದೇ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ, ದಾನಕ್ಕೆ ಗಡಿ ಹಾಕುತ್ತದೆ: ಕುಟುಂಬಕ್ಕೆ ತೊಂದರೆಯಾಗದಷ್ಟನ್ನು ಮಾತ್ರ ಕೊಡಬಹುದು, ಹೆಂಡತಿ ಮಕ್ಕಳನ್ನಂತೂ ಕೊಡಲಾಗದು. ನಾರದ ಸ್ಮೃತಿ ಕೊಡುವ ಕೊಡಬಾರದವುಗಳ ಪಟ್ಟಿಯಲ್ಲಿ ಎರವಲು ತಂದದ್ದೂ ಇದೆ, ಒತ್ತೆ ಇಟ್ಟದ್ದೂ ಇದೆ, ನಂಬಿ ಒಪ್ಪಿಸಿದ ನಿಕ್ಷೇಪವೂ ಇದೆ. ಅಂದರೆ ಕೈಯಲ್ಲಿರುವುದೆಲ್ಲ ಕೊಡುವ ಸ್ವತ್ತಲ್ಲ; ಕೆಲವು ಕಾಪಾಡಲೆಂದೇ ನಮ್ಮ ಬಳಿ ಇರುತ್ತವೆ. ಸ್ಮೃತಿಕಾರರು ಪ್ರಾಣಿಗಳನ್ನು ಆ ಪಟ್ಟಿಗೆ ಸೇರಿಸಲಿಲ್ಲ, ಒಪ್ಪುತ್ತೇನೆ. ಆದರೆ ಅವರ ತರ್ಕವನ್ನು ಮುಂದೆ ಒಯ್ದರೆ ಆಮೆಗೆ ತಕ್ಕ ಜಾಗ ನಿಕ್ಷೇಪದ ಪಕ್ಕದಲ್ಲೇ. ನಕ್ಷತ್ರ ಆಮೆಯ ವಿಷಯದಲ್ಲಂತೂ ಇದು ಈಗ ಬರೀ ತರ್ಕವಲ್ಲ, ಕಾನೂನು. ಆಂಧ್ರ ಗಡಿಯ ಕುರುಚಲು ಕಾಡಿನಿಂದ ಹಿಡಿದು ತರುವ ಆ ಜೀವ 2022ರ ತಿದ್ದುಪಡಿಯ ನಂತರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಅದನ್ನು ಕೊಡುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ.

ಮಕ್ಕಳು ಜವಾಬ್ದಾರಿ ಕಲಿಯುತ್ತಾರೆ ಎಂಬುದು ಇನ್ನೊಂದು ವಾದ. ಹತ್ತು ವರ್ಷದ ಹುಡುಗಿಗೆ ಈಗ ಕೊಟ್ಟ ಆಮೆ ಅವಳು ಕಾಲೇಜಿಗೆ ಹೋದಾಗಲೂ ಇರುತ್ತದೆ, ಮದುವೆಯಾಗಿ ಹೋದಾಗಲೂ ಇರುತ್ತದೆ. ಅಷ್ಟೂ ದಿನ ತೊಟ್ಟಿ ತಿಕ್ಕುವವರು ಹೆಚ್ಚಿನ ಮನೆಗಳಲ್ಲಿ ತಾಯಿಯೇ, ಅವರನ್ನು ಕೇಳಿದವರೇ ಇರುವುದಿಲ್ಲ. ಕಲಿಕೆ ಮಗುವಿನದು, ಅದರ ಬೆಲೆ ತೆರುವುದು ಆಮೆ ಎಂದಾದರೆ ಅದು ಒಳ್ಳೆಯ ಪಾಠವಲ್ಲ. ಸಾಕಲಾಗದಿದ್ದರೆ ದೇವಸ್ಥಾನದ ಕಲ್ಯಾಣಿಗೋ ಕೆರೆಗೋ ಬಿಟ್ಟರಾಯಿತು, ಬಿಡುಗಡೆ ಮಾಡಿದ ಪುಣ್ಯವೂ ಬಂತು ಎನ್ನುವವರಿಗೆ ಅಸ್ಸಾಮಿನ ಕಡೆ ಕೈ ತೋರಿಸಬೇಕು. ಕಾಡಿನಲ್ಲಿ ಅಳಿದೇಹೋಯಿತೆಂದು ಎಣಿಸಿದ್ದ ಕರಿ ಮೃದುಚಿಪ್ಪಿನ ಆಮೆಯನ್ನು ಉಳಿಸಿಕೊಟ್ಟದ್ದು ಅಲ್ಲಿನ ದೇವಸ್ಥಾನದ ಕೊಳಗಳು. ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಈಗ ಸ್ಲೈಡರ್‌ಗಳೂ ಕಾಣಿಸಿಕೊಂಡಿವೆ. ಜಗತ್ತಿನ ಅತ್ಯಂತ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಈ ಆಮೆ ನಾಡಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ ಮಾಡುತ್ತದೆ. ಒಂದು ಜೀವದ ಹೊಣೆ ಕಳೆದುಕೊಳ್ಳಲು ಕೆರೆಯ ಜೀವಗಳ ಮೇಲೆ ಆ ಭಾರ ಹಾಕುವುದನ್ನು ಅಹಿಂಸೆ ಎನ್ನಲಾಗದು.

ಹಾಗಾದರೆ ಆಮೆಯನ್ನು ಯಾರೂ ಯಾರಿಗೂ ಕೊಡಲೇಬಾರದೇ? ಕೊಡಬಹುದು, ಆದರೆ ದಾನದ ರೀತಿಯಲ್ಲಿ ಅಲ್ಲ. ಪಡೆಯುವವರು ತಾವಾಗಿ ಬಯಸಿರಬೇಕು. ತೊಟ್ಟಿ, ದೀಪ, ಫಿಲ್ಟರ್ ಎಲ್ಲ ಆಮೆಗಿಂತ ಮೊದಲು ಮನೆಯಲ್ಲಿರಬೇಕು. ಸರೀಸೃಪಗಳನ್ನು ನೋಡಬಲ್ಲ ಪಶುವೈದ್ಯರು ಹತ್ತಿರದಲ್ಲಿದ್ದಾರೆಂದು ಗೊತ್ತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೊಡುವವರು ತಮ್ಮ ಹೊಣೆಯ ಒಂದು ಪಾಲನ್ನು ಉಳಿಸಿಕೊಳ್ಳಬೇಕು: ಮುಂದೊಂದು ದಿನ ಆ ಮನೆಯವರಿಗೆ ಸಾಕಲು ಆಗದೆ ಹೋದರೆ, ಎಷ್ಟೇ ವರ್ಷ ಕಳೆದಿದ್ದರೂ, ತಾವೇ ಹೋಗಿ ತಂದು ಸಾಕುತ್ತೇವೆ ಎಂಬ ಮಾತು ಕೊಡಬೇಕು. ಇದನ್ನು ಅಚ್ಚರಿಯ ಉಡುಗೊರೆಯಾಗಿ ಕೊಡಲು ಬರುವುದಿಲ್ಲ, ಕೂತು ಮಾತಾಡಿಯೇ ಕೊಡಬೇಕಾಗುತ್ತದೆ. ಬರೀ ಶುಭ ಬಯಸುವವರಿಗೆ ಹಿತ್ತಾಳೆಯ ಕೂರ್ಮ ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ.