ಪ್ರೌಢನ ವಿದ್ಯಾರಂಭ

ಅಥೆನ್ಸಿನ ಸಾಕ್ರಟೀಸನು ವಯಸ್ಸು ಮೀರಿದ ಮೇಲೆ ಕಾನಸ್ ಎಂಬ ಗುರುವಿನಲ್ಲಿ ಕಿಥಾರವೆಂಬ ತಂತೀವಾದ್ಯವನ್ನು ಕಲಿಯತೊಡಗಿದನೆಂದೂ, ಸಹಪಾಠಿಗಳಾದ ಹುಡುಗರು ಅವನನ್ನು ಕಂಡು ನಕ್ಕು ಆ ಗುರುವಿಗೆ ‘ಮುದುಕರ ಮೇಷ್ಟರು’ ಎಂದು ಹೆಸರಿಟ್ಟರೆಂದೂ ಪ್ಲೇಟೋವಿನ ‘ಯೂಥಿಡೀಮಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದಲೇ ಬಂದಿದೆ. ನಡುವಯಸ್ಸು ದಾಟಿ ಗಿಟಾರನ್ನು ಕೈಗೆತ್ತಿಕೊಂಡವರಿಗೆ ಆ ನಗು ಅಪರಿಚಿತವಲ್ಲ. ಹೊರಗೆ ಯಾರೂ ನಗದಿದ್ದರೂ ಒಳಗಿನ ಅಹಂಕಾರವು ಕೇಳುತ್ತದೆ: ಸಭೆಯಲ್ಲಿ ಕುಳಿತು ನುಡಿಸುವ ಪ್ರಾವೀಣ್ಯಕ್ಕೆ ಸಾಲುವಷ್ಟು ಆಯುಸ್ಸು ಉಳಿದಿಲ್ಲವಾದರೆ ಈ ವಿದ್ಯೆಯ ಫಲವೇನು?

ಇದಕ್ಕೆ ನಮ್ಮಲ್ಲಿ ವಾಡಿಕೆಯಾಗಿ ದೊರೆಯುವ ಉತ್ತರ ಗೀತೆಯ ನಿಷ್ಕಾಮಕರ್ಮ. ಉತ್ತರವೇನೋ ಸರಿಯೇ, ಆದರೆ ಹೇಗೆ ನುಡಿದರೂ ಆದೀತೆಂಬ ಔದಾಸೀನ್ಯವೇ ನಿಷ್ಕಾಮವೆಂದರೆ ನಾನು ಒಪ್ಪಲಾರೆ. ಗಿಟಾರಿನ ಎಫ್ ಕಾರ್ಡನ್ನು ನೋಡಿ. ತೋರುಬೆರಳೊಂದೇ ಆರೂ ತಂತಿಗಳನ್ನು ಮೊದಲನೆಯ ಫ್ರೆಟ್ಟಿನಲ್ಲಿ ಅಡ್ಡಲಾಗಿ ಅದುಮಿ ಹಿಡಿದಿರಲು, ಉಳಿದ ಮೂರು ಬೆರಳುಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಊರಬೇಕು. ಎಲ್ಲಿಯಾದರೂ ಒತ್ತಡ ಕೊಂಚ ಕುಗ್ಗಿತೋ, ನಾದವಳಿದು ಮೊಂಡು ಸದ್ದೊಂದೇ ಉಳಿಯುವುದು. ಉಕ್ಕಿನ ತಂತಿ ಕೊರೆದ ಬೆರಳತುದಿ ಇನ್ನೂ ಜಡ್ಡುಗಟ್ಟದೆ ನೋಯುತ್ತಿರುವಾಗಲೂ ಆ ಸದ್ದಿಗೆ ‘ಇದಲ್ಲ’ ಎಂದು, ಬೆರಳನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟುವವನಲ್ಲಿ ಆಸೆಯಿಲ್ಲವೆನ್ನಬಹುದೆ? ಇದೆ, ತೀವ್ರವಾಗಿಯೇ ಇದೆ. ಆದರೆ ಅದು ನಾದದ ಶುದ್ಧಿಯನ್ನು ಕುರಿತದ್ದು, ತನ್ನ ಕೀರ್ತಿಯನ್ನು ಕುರಿತದ್ದಲ್ಲ. ಕರ್ಮದಲ್ಲಿನ ಕೌಶಲವನ್ನು ಯೋಗವೆಂದು ಕರೆದ ಗ್ರಂಥವು ಅಪಸ್ವರವನ್ನು ಸಹಿಸೆಂದು ಹೇಳೀತೆ? ಕ್ರಿ. ಪೂ. 399ರಲ್ಲಿ ಸೆರೆಮನೆಯೊಳಗೆ ಮರಣವನ್ನು ಎದುರುನೋಡುತ್ತ, ಸ್ವಪ್ನದ ಆಜ್ಞೆಯೆಂದು ಬಗೆದು ಈಸೋಪನ ಕಥೆಗಳನ್ನು ಪದ್ಯಕ್ಕಿಳಿಸಿದ ಸಾಕ್ರಟೀಸನು, ಇದು ಈವೀನಸ್ ಕವಿಯೊಡನೆ ಸ್ಪರ್ಧಿಸಲೆಂದು ಅಲ್ಲವೆಂದು ಮಿತ್ರರಿಗೆ ಸ್ಪಷ್ಟಪಡಿಸಿದನಷ್ಟೆ. ಹಾಗೆಂದು ಛಂದಸ್ಸನ್ನೇನೂ ಅವನು ಕೈಬಿಡಲಿಲ್ಲ.

ದೀರ್ಘಕಾಲ, ನೈರಂತರ್ಯ, ಸತ್ಕಾರ ಇವು ಮೂರೂ ಕೂಡಿದಾಗ ಅಭ್ಯಾಸವು ದೃಢಭೂಮಿಯಾಗುವುದೆಂದು ಪತಂಜಲಿಯ ಯೋಗಸೂತ್ರವು ಹೇಳುತ್ತದೆ. ಮೊದಲನೆಯದು ಪ್ರೌಢನಿಗೆ ದುರ್ಲಭ. ಎರಡನೆಯದಕ್ಕೆ ಸಂಸಾರವೇ ಅಡ್ಡಿ. ಮೂರನೆಯದಾದ ಸತ್ಕಾರದಲ್ಲಿ, ಎಂದರೆ ಆದರಪೂರ್ವಕವಾದ ಸೇವನೆಯಲ್ಲಿ, ಅವನು ಬಾಲಕನಿಗಿಂತ ಭಾಗ್ಯಶಾಲಿಯೆಂದು ನನಗೆ ತೋರುತ್ತದೆ. ಮಗುವನ್ನು ವಾದ್ಯದ ಮುಂದೆ ಕೂರಿಸುವವರು ತಂದೆತಾಯಿಗಳು. ದಿನದ ದುಡಿಮೆಯಿಂದ ದಣಿದು ಬಂದ ಪ್ರೌಢನನ್ನಾದರೋ ಕೂರಿಸುವವರಾರೂ ಇಲ್ಲ. ತಾನು ಇತರ ಕಾರ್ಯಗಳಲ್ಲಿ ಗಳಿಸಿದ ಗೌರವವನ್ನೆಲ್ಲ ಬದಿಗಿರಿಸಿ, ತನಗಿಂತ ಕಿರಿಯನಾದ ಗುರುವಿನ ಮುಂದೆ ಶಿಷ್ಯನಾಗಿ ಕೂರಲು ಅವನೇ ಮನಸ್ಸು ಮಾಡಬೇಕು. ಹಾಗೆ ಕೂತವನ ಕೈ ಸಿ ಕಾರ್ಡಿನಿಂದ ಎಫ್‌ಗೆ ದಾಟುವಾಗ ಇನ್ನೂ ತಡವರಿಸುತ್ತಿದ್ದರೂ, ಸೂತ್ರಕಾರನು ಹೇಳಿದ ಅಭ್ಯಾಸವು ಅವನಲ್ಲಿ ಆಗಲೇ ಆರಂಭವಾಗಿದೆಯೆಂದೇ ನಾನು ಎಣಿಸುತ್ತೇನೆ.